ಐದು ಜನರ ಟಿಕೆಟ್ಟು

ಜರ್ಮನಿಗೆ ಓದಲು ಹೊರಟವರಿಗೆ ಚಳಿಯ ಬಗ್ಗೆ ಎಲ್ಲರೂ ಎಚ್ಚರ ಹೇಳಿ ಕಳಿಸುತ್ತಾರೆ. ರವಿವಾರದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಚಳಿಗಾದರೂ ದಪ್ಪ ಕೋಟು ಸಿಗುತ್ತದೆ, ಕೋಣೆಯಲ್ಲಿ ಹೀಟರು ಇರುತ್ತದೆ. ರವಿವಾರಕ್ಕೆ ಅಂಥ ಯಾವ ಉಪಾಯವೂ ಇಲ್ಲ. ಅವತ್ತು ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಹಾಲು, ಉಳ್ಳಾಗಡ್ಡಿ, ಏನೇ ಬೇಕಿದ್ದರೂ ಶನಿವಾರ ಸಂಜೆಯೊಳಗೆ ತಂದಿಟ್ಟುಕೊಂಡಿರಬೇಕು. ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವ ಮಷಿನ್ ಹಾಕಬಾರದು, ಗೋಡೆಗೆ ಮೊಳೆ ಹೊಡೆಯಬಾರದು. ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವುದು ಕೂಡ ಸದ್ದಾಗುತ್ತದೆಂಬ ಕಾರಣಕ್ಕೆ ನಿಷಿದ್ಧ. ಇದು ಬರೀ ರೂಢಿಯ ಮಾತೂ ಅಲ್ಲ. ರವಿವಾರದ ವಿಶ್ರಾಂತಿಯನ್ನು ಕಾಪಾಡಬೇಕೆಂದು 1919ರ ವೈಮಾರ್ ಸಂವಿಧಾನದ 139ನೇ ವಿಧಿ ಹೇಳಿತ್ತು. ಎರಡನೇ ಮಹಾಯುದ್ಧದ ನಂತರ ಬರೆದ ಸಂವಿಧಾನವೂ ಆ ವಿಧಿಯನ್ನು ಇದ್ದ ಹಾಗೇ ಉಳಿಸಿಕೊಂಡಿದೆ.

ನಮ್ಮ ಧಾರವಾಡದ ಓಣಿಯಲ್ಲಿ ವಾರದ ಗದ್ದಲವೆಲ್ಲ ಸೇರುವುದೇ ರವಿವಾರ. ಅಂಥಲ್ಲಿಂದ 2013ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ ಅಂತರ್ಜಲ ಓದಲು ಹೋದ ನನಗೆ ಆ ನಿಶ್ಶಬ್ದ ಮೊದಮೊದಲು ಹಿತವಾಗಿತ್ತು. ಮೂರನೇ ವಾರದ ಹೊತ್ತಿಗೆ ಕಿವಿಯಲ್ಲಿ ಗುಂಯ್‌ಗುಡತೊಡಗಿತು. ಫೋನಿನಲ್ಲಿ ಅವ್ವ "ಊಟಾ ಮಾಡಿದ್ಯೇನವಾ? ಯಾಕ ದನಿ ಸಣ್ಣಾಗೇದ?" ಎಂದು ಕೇಳುತ್ತಿದ್ದುದೂ ರವಿವಾರಗಳಲ್ಲೇ. ವಾರದ ಉಳಿದ ದಿನ ಪ್ರಯೋಗಾಲಯ, ತರಗತಿ, ಬಸ್ಸು ಎಂದು ಹೊತ್ತು ಹೋಗುತ್ತಿತ್ತು. ನಾವು ತಿರುಗಾಟಕ್ಕೆ ಬಿದ್ದದ್ದು ಪ್ರಪಂಚ ನೋಡುವ ಹಂಬಲದಿಂದ ಎಂದು ಆಮೇಲೆ ಎಲ್ಲರೂ ಹೇಳಿಕೊಂಡೆವು. ನಿಜವೆಂದರೆ, ಆ ದಿನ ಕೋಣೆಯಲ್ಲಿ ಕೂರಲಾರದೆ ಎದ್ದು ಹೊರಟವರು ನಾವು.

ಹೊರಡಲು ದಾರಿ ಮಾಡಿಕೊಟ್ಟದ್ದು ಒಂದು ಟಿಕೆಟ್ಟು. ಈಗಿನ ವಿದ್ಯಾರ್ಥಿಗಳಿಗೆ 2023ರಿಂದ ಇಡೀ ದೇಶಕ್ಕೆ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ಇದೆ. ನಮ್ಮ ಕಾಲಕ್ಕೆ ಇದ್ದದ್ದು ಬಾಡೆನ್-ವುರ್ಟೆಂಬರ್ಗ್ ಟಿಕೆಟ್. ಒಂದು ದಿನ, ಒಂದು ರಾಜ್ಯ, ಐದು ಜನ. ವೇಗದ ಐಸಿಇ ಗಾಡಿಗಳನ್ನು ಹತ್ತುವಂತಿಲ್ಲ. ಊರೂರಿಗೆ ನಿಲ್ಲುವ ಪ್ಯಾಸೆಂಜರ್ ಗಾಡಿಗಳಲ್ಲಿ ಮಾತ್ರ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಶನಿವಾರ, ರವಿವಾರವಾದರೆ ಮಧ್ಯರಾತ್ರಿಯಿಂದ ಮರುದಿನ ಬೆಳಗಿನ ಮೂರು ಗಂಟೆಯವರೆಗೆ ನಡೆಯುತ್ತಿತ್ತು. ಮೊದಲ ಪ್ರಯಾಣಿಕನಿಗೆ ದುಬಾರಿ, ನಂತರದ ಪ್ರತಿಯೊಬ್ಬನಿಗೂ ಅಗ್ಗ. ಹಾಗಾಗಿ ಒಬ್ಬರೇ ಹೋದರೆ ಊಟದ ದುಡ್ಡು ಟಿಕೆಟ್ಟಿಗೇ ಮುಗಿಯುತ್ತಿತ್ತು, ಐವರು ಕೂಡಿದರೆ ತಲಾ ಹತ್ತು ಯೂರೋದೊಳಗೆ ಇಡೀ ದಿನ ತಿರುಗಬಹುದಿತ್ತು. ನಮ್ಮ ಸ್ನೇಹ ಬೆಳೆದದ್ದು ಈ ಲೆಕ್ಕದ ಮೇಲೆಯೇ ಎಂದರೆ ಅದರಲ್ಲಿ ನಾಚಿಕೆಯೇನಿಲ್ಲ.

ಐವರಲ್ಲಿ ನಾನೊಬ್ಬಳು. ಉಳಿದವರನ್ನು ಊರಿನ ಹೆಸರಿಂದಲೇ ಕರೆಯುತ್ತೇನೆ. ಹಾಸ್ಟೆಲಿನ ಅಡುಗೆಮನೆಯಲ್ಲೂ ಅದೇ ನಡೆಯುತ್ತಿತ್ತು. ಕೊಯಮತ್ತೂರು ನನ್ನದೇ ತರಗತಿ, ಟೈಮ್‌ಟೇಬಲ್ ನೋಡುವುದರಲ್ಲಿ ನಿಪುಣ. ರಶ್ತ್ ಎಂಬಾಕೆ ಇರಾನಿನ ಕ್ಯಾಸ್ಪಿಯನ್ ಕರಾವಳಿಯವಳು, ಮಳೆ ಬಂದರೆ ಊರು ನೆನೆದು ಕುಣಿಯುವವಳು. ಕಠ್ಮಂಡುವಿನ ಹುಡುಗ ಯಾವ ಗುಡ್ಡವನ್ನು ತೋರಿಸಿದರೂ "ಇದನ್ನು ಬೆಟ್ಟ ಅಂತಾರಾ?" ಎಂದು ನಗುತ್ತಿದ್ದ. ಬೊಗೊಟಾದವಳಿಗೆ ಜರ್ಮನ್ ಚೆನ್ನಾಗಿ ಬರುತ್ತಿದ್ದರಿಂದ ಟಿಕೆಟ್ ತಪಾಸಣೆಯವರೊಡನೆ ಮಾತು ಅವಳದು. ಐವರಲ್ಲಿ ಒಬ್ಬರಿಗೆ ಪರೀಕ್ಷೆಯೋ ಜ್ವರವೋ ಬಂದರೆ ಸ್ಟೇಷನ್ನಿನ ಟಿಕೆಟ್ ಮಷಿನ್ ಪಕ್ಕ ನಿಂತು, ಹೊರಡುವ ಮೊದಲೇ ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತಿದ್ದೆವು. ಹಾಗೆ ಸೇರಿಕೊಂಡ ಒಬ್ಬ ಮುದುಕ ಉಲ್ಮ್‌ವರೆಗೆ ನಮ್ಮ ಜೊತೆ ಬಂದು, ತನ್ನ ಪಾಲಿನ ದುಡ್ಡು ಚಿಲ್ಲರೆಯ ಲೆಕ್ಕದಲ್ಲಿ ಎಣಿಸಿಕೊಟ್ಟು, ಇಳಿಯುವಾಗ ಎಲ್ಲರ ಕೈ ಕುಲುಕಿ ಹೋದ. ನಾವಿದ್ದ ಶ್ವಾಬಿಯಾ ಸೀಮೆಯ ಜನ ಬಿಗಿಮುಷ್ಟಿಯವರೆಂದು ಉಳಿದ ಜರ್ಮನರು ಆಡಿಕೊಳ್ಳುತ್ತಾರೆ. ಧಾರವಾಡದ ಮಾರ್ಕೆಟ್ಟಿನಲ್ಲಿ ಕೊತ್ತಂಬರಿಗೆ ಚೌಕಾಸಿ ಮಾಡುವ ನಮ್ಮ ಮಂದಿಯನ್ನು ನೋಡಿದವಳಾದ ನನಗೆ ಅವರ ಮೇಲೆ ಪ್ರೀತಿಯೇ ಬಂತು.

ಬುತ್ತಿಯ ಮಾತು ಹೇಳದೆ ಮುಂದೆ ಹೋಗಲಾರೆ. ಪ್ರವಾಸಕ್ಕೆಂದೇ ಹುಟ್ಟಿದ ತಿನಿಸು ಖಡಕ್ ರೊಟ್ಟಿ. ಒಡೆದು ಚೂರಾದರೂ ಕೆಡುವುದಿಲ್ಲ. ಅವ್ವ ಡಬ್ಬಿಯಲ್ಲಿ ಕಳಿಸಿದ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಲ್ಲಿನ ಗಟ್ಟಿ ಮೊಸರು. ರಶ್ತ್ ತರುತ್ತಿದ್ದುದು ಪಿಸ್ತಾ, ಕಠ್ಮಂಡುವಿನದು ಖಾರದ ಉಪ್ಪಿನಕಾಯಿ. ಎದುರಿನ ಸೀಟಿನ ಅಜ್ಜಿಯರು ಮೂಗರಳಿಸಿ ನೋಡುತ್ತಿದ್ದರು. ಒಬ್ಬಾಕೆ ಚಟ್ನಿಪುಡಿಯನ್ನು ಬೆಣ್ಣೆ ಸವರಿದ ಬ್ರೆಟ್ಸೆಲ್ ಮೇಲೆ ಉದುರಿಸಿಕೊಂಡು ತಿಂದು ಏನೂ ಹೇಳದೆ ಮತ್ತೊಮ್ಮೆ ಕೈ ಚಾಚಿದ್ದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದು?

ಹೋದ ಜಾಗಗಳಲ್ಲಿ ಹಲವು ಫೋಟೋಕ್ಕಷ್ಟೇ ಉಳಿದಿವೆ. ಹೊಹೆನ್‌ತ್ಸೊಲರ್ನ್ ಕೋಟೆ ದೂರದಿಂದ ಚಂದ, ಒಳಗೆ ಹೋದರೆ ಕುರ್ಚಿ, ಕನ್ನಡಿ. ಸ್ಟುಟ್‌ಗಾರ್ಟಿನ ಕಾರು ಮ್ಯೂಸಿಯಮ್ಮನ್ನು ಕೊಯಮತ್ತೂರು ಮೆಚ್ಚಿದ, ನನಗೆ ನಿದ್ದೆ ಬಂತು. ಉಲ್ಮ್ ಚರ್ಚಿನ ಗೋಪುರ 161.53 ಮೀಟರ್. ಆಗ ಪ್ರಪಂಚದ ಅತಿ ಎತ್ತರದ ಚರ್ಚು ಅದೇ, 2025ರಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಅದನ್ನು ಮೀರಿತು. 768 ಮೆಟ್ಟಿಲು ಹತ್ತಿದ ಮೇಲೆ ಕಠ್ಮಂಡು ಮೊದಲ ಬಾರಿಗೆ ನಗದೆ ಕೂತ.

ಅಲ್ಲಿಗೆ ಹೋಗುವ ದಾರಿಯೇ ನನಗೆ ಗೋಪುರಕ್ಕಿಂತ ಹೆಚ್ಚು ನೆನಪಿದೆ. ಟ್ಯೂಬಿಂಗೆನ್‌ನಿಂದ ಪ್ಲೋಖಿಂಗೆನ್ ಜಂಕ್ಷನ್ನಿಗೆ ಬಂದು ಗಾಡಿ ಬದಲಿಸಬೇಕು. ಮೊದಲ ಗಾಡಿ ನಾಲ್ಕು ನಿಮಿಷ ತಡವಾದರೆ ಎರಡನೆಯದು ಕಣ್ಣೆದುರೇ ಹೋಗುತ್ತದೆ. ಹಾಗೆ ಸಿಕ್ಕಿಬಿದ್ದಾಗಲೇ ಆ ಸಣ್ಣ ಊರಿನಲ್ಲಿ ಹುಂಡರ್ಟ್‌ವಾಸರ್ ಎಂಬ ವಿಯೆನ್ನಾದ ಕಲಾವಿದ ರೂಪಿಸಿದ ವಸತಿಕಟ್ಟಡ ಇದೆಯೆಂದು ಗೊತ್ತಾದದ್ದು. ಬಣ್ಣಬಣ್ಣದ ಗೋಡೆ, ಗೋಪುರದ ತಲೆಯ ಮೇಲೆ ಬಂಗಾರದ ಗುಂಡುಗಳು. ಪ್ಲೋಖಿಂಗೆನ್ ದಾಟಿದ ಮೇಲೆ ಗೈಸ್ಲಿಂಗೆನ್ ಏರು ಬರುತ್ತದೆ. 1850ರಲ್ಲಿ ತೆರೆದ ಈ ಹಳಿ ಐದೂವರೆ ಕಿಲೋಮೀಟರಿನಲ್ಲಿ ನೂರಕ್ಕೂ ಹೆಚ್ಚು ಮೀಟರ್ ಮೇಲೇರಿ ಶ್ವಾಬಿಯನ್ ಆಲ್ಬ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಗೆ ಹತ್ತುತ್ತದೆ. ಗಾಡಿ ಮೆಲ್ಲಗೆ ತಿರುವು ತೆಗೆದುಕೊಳ್ಳುವಾಗ ಕಿಟಕಿಯ ಪಕ್ಕದಲ್ಲೇ ಬಿಳಿ ಕಲ್ಲಿನ ಪದರಗಳು ಕಾಣುತ್ತವೆ. ಪಠ್ಯಪುಸ್ತಕದಲ್ಲಿ ಮೇಲಿನ ಜುರಾಸಿಕ್ ಎಂದು ಓದಿದ್ದು ಅದೇ ಕಲ್ಲು. ಐಸಿಇಯಲ್ಲಿ ಕೂತವರಿಗೆ ಪದರ ಎಣಿಸಲು ಪುರುಸೊತ್ತು ಸಿಗುತ್ತಿತ್ತೋ ಇಲ್ಲವೋ.

ಆಲ್ಬ್ ಮೇಲೆ ಮಳೆ ಬೀಳುತ್ತದೆ, ಹೊಳೆ ಕಾಣುವುದಿಲ್ಲ. ಸುಣ್ಣಕಲ್ಲಿನ ನೆಲ ಜರಡಿಯಿದ್ದಂತೆ, ಬಿದ್ದ ನೀರನ್ನೆಲ್ಲ ಕೆಳಗೆ ಬಿಟ್ಟುಬಿಡುತ್ತದೆ. ಆ ನೀರು ಎಲ್ಲೋ ಒಂದು ಕಡೆ ಹೊರಬರಲೇಬೇಕು. ಉಲ್ಮ್‌ಗೆ ಹತ್ತಿರದ ಬ್ಲೌಬೊಯ್ರೆನ್‌ನಲ್ಲಿ ಹಾಗೆ ಹೊರಬರುವ ಬ್ಲೌಟೋಫ್ ಚಿಲುಮೆ ಇಪ್ಪತ್ತು ಮೀಟರಿಗೂ ಹೆಚ್ಚು ಆಳ, ನೀಲಿಯೆಂದರೆ ನಂಬಲಾಗದ ನೀಲಿ. ಊರ ಮ್ಯೂಸಿಯಮ್ಮಿನಲ್ಲಿ ಸಮೀಪದ ಹೋಲೆ ಫೆಲ್ಸ್ ಗವಿಯಲ್ಲಿ 2008ರಲ್ಲಿ ಸಿಕ್ಕ ಕೊಳಲಿದೆ. ರಣಹದ್ದಿನ ರೆಕ್ಕೆಯ ಎಲುಬಿನಲ್ಲಿ ಐದು ತೂತು ಕೊರೆದದ್ದು, ವಯಸ್ಸು 35ರಿಂದ 40 ಸಾವಿರ ವರ್ಷ. ಅಗೆದು ತೆಗೆದದ್ದು ನಮ್ಮದೇ ವಿಶ್ವವಿದ್ಯಾಲಯದ ತಂಡ. ಬೊಗೊಟಾ ಗಾಜಿನ ಮುಂದೆ ನಿಂತು ಬೆರಳುಗಳನ್ನು ಗಾಳಿಯಲ್ಲಿ ತೂತುಗಳಿಗೆ ಹೊಂದಿಸಿ ನೋಡುತ್ತಿದ್ದಳು. ಆಂಡಿಸ್ ಬೆಟ್ಟದ ಕೊಳಲು ನುಡಿಸಬಲ್ಲವಳು ಅವಳು, ಆ ತೂತುಗಳ ಅಂತರ ಅವಳ ಬೆರಳಿಗೆ ಸರಿಯಾಗಿತ್ತು.

ಇನ್ನೊಂದು ರವಿವಾರ ನೆಕರ್ ನದಿಗುಂಟ ಹೋರ್ಬ್‌ಗೆ, ಅಲ್ಲಿಂದ ನಾಗೋಲ್ಡ್ ಕಣಿವೆಯಲ್ಲಿ ಕಾಲ್ವ್ ಊರಿಗೆ. ಉಳಿದ ನಾಲ್ವರಿಗೆ ಅದು ಹರ್ಮನ್ ಹೆಸ್ಸೆ 1877ರಲ್ಲಿ ಹುಟ್ಟಿದ ಊರು. ನನಗೆ ಆ ಮನೆತನದ ಬೇರೆ ಎಳೆಯೊಂದು ಗೊತ್ತಿತ್ತು. ಹೆಸ್ಸೆಯ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಅಜ್ಜ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಬರೆದವರು, ಕಡೆಗಾಲವನ್ನು ಕಾಲ್ವ್‌ನಲ್ಲೇ ಕಳೆದವರು. ತಂದೆ ಯೋಹಾನೆಸ್ ಬಾಸೆಲ್ ಮಿಷನ್ ಪರವಾಗಿ ಮಂಗಳೂರಿನಲ್ಲಿ ಕೆಲಸ ಮಾಡಿದ್ದರು. 'ಸಿದ್ಧಾರ್ಥ' ಬರೆದ ಹೆಸ್ಸೆ ಮಾತ್ರ ಸಿಲೋನ್, ಸುಮಾತ್ರಾಗಳವರೆಗೆ ಹೋದರೂ ಭಾರತದ ನೆಲ ಮುಟ್ಟದೆ ಹಿಂದಿರುಗಿದರು. ಇದೆಲ್ಲ ಹೇಳುತ್ತ ಹೋದಂತೆ ಕೊಯಮತ್ತೂರು, "ಹಾಗಾದರೆ ನಿನ್ನ ಭಾಷೆಗೆ ಯಾರು?" ಎಂದು ಕೆಣಕಿದ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಮೋಗ್ಲಿಂಗ್ ಟ್ಯೂಬಿಂಗೆನ್‌ನಲ್ಲೇ ಓದಿದವರು. ಪ್ಲೋಖಿಂಗೆನ್ ದಾಟಿ ಒಂದಿಷ್ಟು ಹೋದರೆ ಸಿಗುವ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಕನ್ನಡ ನಿಘಂಟಿನ ಕಿಟೆಲ್ ತಮ್ಮ ಕಡೆಯ ವರ್ಷಗಳನ್ನು ನಾವಿದ್ದ ಊರಿನಲ್ಲೇ ಕಳೆದರು. 1894ರಲ್ಲಿ ನಿಘಂಟು ಅಚ್ಚಾಯಿತು, 1896ರಲ್ಲಿ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅಲ್ಲೇ ಸತ್ತರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಚಿಕ್ಕಂದಿನಿಂದ ಅದರ ಮುಂದೆ ಓಡಾಡಿದವಳು ನಾನು. ಇಷ್ಟು ಹೇಳುವಷ್ಟರಲ್ಲಿ ನಾಲ್ವರೂ ಐಸ್‌ಕ್ರೀಮ್ ಅಂಗಡಿಯ ಸಾಲಿನಲ್ಲಿದ್ದರು. ರವಿವಾರವೂ ತೆರೆದಿರುವ ಕೆಲವೇ ಅಂಗಡಿಗಳಲ್ಲಿ ಅದೊಂದು, ಅವರನ್ನು ದೂರುವ ಹಾಗಿರಲಿಲ್ಲ.

ಎಲ್ಲ ತಿರುಗಾಟಗಳನ್ನೂ ಒಂದು ತಕ್ಕಡಿಗಿಟ್ಟು ಇನ್ನೊಂದಕ್ಕೆ ಇಮ್ಮೆಂಡಿಂಗೆನ್‌ದೊಂದನ್ನೇ ಇಟ್ಟರೂ ನನಗೆ ಇದೇ ತೂಕ. ಊರ ಹತ್ತಿರ ಡ್ಯಾನ್ಯೂಬ್ ನದಿ ಕಾಣೆಯಾಗುತ್ತದೆ. ನಿಜಕ್ಕೂ ಕಾಣೆಯಾಗುತ್ತದೆ. ಬೇಸಿಗೆಯಲ್ಲಿ ಹೋದರೆ ಒಂದು ತಿರುವಿನಲ್ಲಿ ಪಾತ್ರದ ತುಂಬ ನೀರಿದ್ದು, ಕೆಲ ಹೆಜ್ಜೆ ಮುಂದೆ ಬರೀ ಬೆಣಚು. ದಂಡೆಯ ಪಕ್ಕದ ಕಲ್ಲಿನ ಸಂದುಗಳಲ್ಲಿ ನೀರು ಸುರುಳಿ ಸುತ್ತಿ ಇಳಿಯುವುದನ್ನು ಕೂತು ನೋಡಬಹುದು, ಸಣ್ಣಗೆ ಗುಟುಕರಿಸುವ ಸದ್ದು ಕೇಳಬಹುದು. ನಾವು ಒಣಗಿದ ಪಾತ್ರದಲ್ಲಿ ನಡೆದು ಹೋದೆವು. ಯುರೋಪಿನ ಅಷ್ಟು ದೊಡ್ಡ ನದಿಯನ್ನು ಚಪ್ಪಲಿ ಒದ್ದೆಯಾಗದೆ ದಾಟಿದ್ದು ರಶ್ತ್‌ಗೆ ಎಷ್ಟು ಖುಷಿಯಾಯಿತೆಂದರೆ ಮತ್ತೆ ಮತ್ತೆ ಆಚೀಚೆ ದಾಟಿದಳು.

ಇಳಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಬಹುಕಾಲ ವಾದದ ವಿಷಯವಾಗಿತ್ತು. ದಕ್ಷಿಣಕ್ಕೆ ಹನ್ನೆರಡು ಕಿಲೋಮೀಟರ್ ದೂರದಲ್ಲಿ ಆಖ್ ಎಂಬ ಊರಿದೆ. ಅಲ್ಲಿನ ಚಿಲುಮೆ ಜರ್ಮನಿಯಲ್ಲೇ ದೊಡ್ಡದು, ಸೆಕೆಂಡಿಗೆ ಸರಾಸರಿ 8,000 ಲೀಟರಿಗೂ ಮೇಲೆ. 1877ರಲ್ಲಿ ಅಡಾಲ್ಫ್ ಕ್ನೋಪ್ ಎಂಬ ಭೂವಿಜ್ಞಾನಿ ಡ್ಯಾನ್ಯೂಬಿನ ಬಿರುಕುಗಳಿಗೆ ಉಪ್ಪನ್ನೂ ಎಣ್ಣೆಯನ್ನೂ ಫ್ಲೋರೆಸೀನ್ ಎಂಬ ಹಸಿರು ಬಣ್ಣವನ್ನೂ ಸುರಿಸಿದರು. ಸುಮಾರು ಅರವತ್ತು ಗಂಟೆಗಳಲ್ಲಿ ಆಖ್ ಚಿಲುಮೆಯ ನೀರು ಹಸಿರಾಯಿತು. ಅಂತರ್ಜಲದ ಹಾದಿ ಹಿಡಿಯಲು ಬಣ್ಣ ಬಳಸಿದ ಪ್ರಯೋಗಗಳ ಚರಿತ್ರೆಯಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ. ನಮ್ಮ ಪ್ರಯೋಗಾಲಯದ ಕಪಾಟಿನಲ್ಲೂ ಅದೇ ಬಣ್ಣದ ಡಬ್ಬಿ ಇತ್ತು. ಆಖ್ ನೀರು ಬೋಡೆನ್ ಸರೋವರ ಸೇರಿ, ರೈನ್ ನದಿಯಾಗಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಇಮ್ಮೆಂಡಿಂಗೆನ್‌ನಲ್ಲಿ ನೆಲಕ್ಕಿಳಿಯದೆ ತಪ್ಪಿಸಿಕೊಂಡ ನೀರು ಕಪ್ಪು ಸಮುದ್ರಕ್ಕೆ. ಒಂದೇ ಹೊಳೆಯ ನೀರು ಎರಡು ಕಡಲಿಗೆ.

ಕಡಲಿಗೇನೂ ತಕರಾರಿರಲಿಲ್ಲ, ಗಿರಣಿಯವರಿಗಿತ್ತು. ನೀರು ಇಳಿಯುವ ಬಿರುಕುಗಳೂ, ಹೊರಬರುವ ಚಿಲುಮೆಯೂ ಆಗಿನ ಬಾಡೆನ್ ರಾಜ್ಯದಲ್ಲಿದ್ದವು. ಕೆಳಗಿನ ವುರ್ಟೆಂಬರ್ಗ್ ರಾಜ್ಯದ ಪಾಲಿಗೆ ನದಿ ಒಣಗುತ್ತಿತ್ತು. ವ್ಯಾಜ್ಯ ಬೆಳೆದು ವರಿಷ್ಠ ನ್ಯಾಯಾಲಯದವರೆಗೆ ಹೋಗಿ, 1927ರಲ್ಲಿ ತೀರ್ಪು ಬಂತು. ಪ್ರಕೃತಿ ಎಷ್ಟು ಇಳಿಸಿಕೊಳ್ಳುತ್ತದೋ ಇಳಿಸಿಕೊಳ್ಳಲಿ, ಅದಕ್ಕೆ ಯಾರೂ ಹೊಣೆಯಲ್ಲ. ಆದರೆ ಬಾಡೆನ್ ಅದನ್ನು ಕೈಯಾರೆ ಹೆಚ್ಚಿಸಬಾರದು, ವುರ್ಟೆಂಬರ್ಗ್ ಕೈಯಾರೆ ತಗ್ಗಿಸಬಾರದು ಎಂಬುದು ಅದರ ಸಾರ. ನದಿ ಹಂಚಿಕೆಯ ಕಾನೂನು ಓದುವವರಿಗೆ ಇದು ಚಿರಪರಿಚಿತ ಪ್ರಕರಣ. ಆಮೇಲೆ 1952ರಲ್ಲಿ ಎರಡೂ ರಾಜ್ಯಗಳು ಒಂದಾದವು. ನಮ್ಮ ಟಿಕೆಟ್ಟಿನ ಮೇಲಿನ ಜೋಡಿಹೆಸರು ಅದರದೇ.

ಇಷ್ಟನ್ನೂ ಓದಿಕೊಂಡು ಹೋಗಿದ್ದ ನಾನೂ ಕೊಯಮತ್ತೂರೂ ಆ ಒಣಗಿದ ಪಾತ್ರದ ನಡುವೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಕಾವೇರಿ ಐತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾಗಿ ಆಗಿನ್ನೂ ಒಂದೂಚಿಲ್ಲರೆ ವರ್ಷ. "ನೋಡು, ಮೇಲಿನವರು ನೀರು ನುಂಗಿದರೆ ಕೆಳಗಿನವರ ಗತಿ ಇದು" ಎಂದು ಅವನು ಬೆಣಚು ತೋರಿಸಿದ. "ಇಲ್ಲಿ ನುಂಗಿದ್ದು ಕಲ್ಲು, ಕರ್ನಾಟಕ ಅಲ್ಲ" ಎಂದೆ ನಾನು. ಸಾಂಬಾ ಭತ್ತದಿಂದ ಹಿಡಿದು ಬೆಂಗಳೂರಿನ ಕುಡಿಯುವ ನೀರಿನವರೆಗೆ ಎಲ್ಲವೂ ಬಂತು. ವಿಚಿತ್ರವೆಂದರೆ, ನಾನು ಕಾವೇರಿ ಸೀಮೆಯವಳೇ ಅಲ್ಲ. ಮಲಪ್ರಭೆಯ ನೀರು ಕುಡಿದು, ಅದೂ ನಲ್ಲಿಗೆ ದಿನಗಟ್ಟಲೆ ಕಾದು, ಬೆಳೆದವಳು. ನನ್ನ ಕಡೆಯವರ ಜಗಳ ಮಹದಾಯಿಗಾಗಿ, ಗೋವಾದ ಜೊತೆ. ಆ ಜಗಳದಲ್ಲಿ ಕೆಳಗಿನವರು ಗೋವಾದವರು, ನಾವು ಮೇಲಿನವರು. ಮೇಲಿನವರು ಕೆಳಗಿನವರಿಗೆ ಹೇಳುವ ಮಾತುಗಳೆಲ್ಲ ನನಗೆ ಬಾಯಿಪಾಠವಿದ್ದವು. ಕಡೆಗೆ ಕಠ್ಮಂಡು, "ನಮ್ಮ ಕೋಸಿ, ಗಂಡಕಿ ಎಲ್ಲ ನಿಮ್ಮಿಬ್ಬರ ದೇಶಕ್ಕೇ ಹರಿಯುತ್ತವೆ, ನಾನು ಶುರು ಮಾಡಲಾ?" ಎಂದ. ಇಬ್ಬರೂ ಬಾಯಿ ಮುಚ್ಚಿದೆವು.

ಅದೇ ದಿನ ಆಖ್‌ಗೂ ಹೋಗಬೇಕೆಂದು ಹಟ. ಎಂಗೆನ್ ಸ್ಟೇಷನ್ನಿನಲ್ಲಿ ಇಳಿದರೆ ರವಿವಾರದ ಬಸ್ಸು ಹೋಗಿಬಿಟ್ಟಿತ್ತು. ಹೊಲಗಳ ನಡುವೆ ನಡೆದೆವು. ದಾರಿಯಲ್ಲಿ ಮಳೆ ಹಿಡಿಯಿತು, ರಶ್ತ್ ಹಾಡತೊಡಗಿದಳು. ಚಿಲುಮೆಯ ದಂಡೆ ಮುಟ್ಟಿದಾಗ ಬೆಳಗ್ಗೆ ನಮ್ಮೆದುರು ನೆಲಕ್ಕಿಳಿದ ನೀರು ಇನ್ನೂ ಕತ್ತಲಲ್ಲೇ ದಾರಿಯಲ್ಲಿತ್ತು. ನಾವು ಅದಕ್ಕಿಂತ ಮುಂಚೆ ಬಂದಿದ್ದೆವು. ರಾತ್ರಿ ಕೊನೆಯ ಗಾಡಿಯಲ್ಲಿ ಹೋರ್ಬ್ ದಾಟುವಾಗ ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಮಲಗಿದ್ದರು. ಟಿಕೆಟ್ ನೋಡಲು ಬಂದಾಕೆ ಬೊಗೊಟಾಳನ್ನು ಎಬ್ಬಿಸದೆ, ಅವಳ ಕೈಯಲ್ಲಿದ್ದ ಕಾಗದವನ್ನು ಬಗ್ಗಿ ಓದಿ ಮುಂದೆ ಹೋದಳು.

ಚಳಿಗಾಲದಲ್ಲಿ ತಿರುಗಾಟ ತಾನಾಗಿ ಕುಗ್ಗುತ್ತಿತ್ತು. ನಾಲ್ಕೂವರೆಗೆ ಕತ್ತಲು. ಅಂಥ ರವಿವಾರಗಳಲ್ಲಿ ಟ್ಯೂಬಿಂಗೆನ್ ಕೋಟೆಗೆ ಹತ್ತಿ, ಫ್ರೀಡ್ರಿಖ್ ಮೀಷರ್ 1869ರಲ್ಲಿ ಡಿಎನ್‌ಎಯನ್ನು ಮೊದಲು ಬೇರ್ಪಡಿಸಿದ ಪ್ರಯೋಗಾಲಯದ ಕಮಾನುಗಳ ಕೆಳಗೆ ನಿಲ್ಲುತ್ತಿದ್ದೆವು. ಹಿಂದೆ ಅದು ಕೋಟೆಯ ಅಡುಗೆಮನೆ. ಆತ ಅದನ್ನು ಹುಡುಕಿದ್ದು ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಲ್ಲಿ ಎಂದು ಗೊತ್ತಾದ ಮೇಲೆ ರಶ್ತ್ ಅಲ್ಲಿ ಪಿಸ್ತಾ ತಿನ್ನುವುದನ್ನು ಬಿಟ್ಟಳು. ಆಮೇಲೆ ಒಬ್ಬೊಬ್ಬರಿಗೂ ಪ್ರಬಂಧದ ಕೆಲಸ ಬಂತು, ಬೊಗೊಟಾಗೆ ಹ್ಯಾಂಬುರ್ಗಿನಲ್ಲಿ ನೌಕರಿ ಸಿಕ್ಕಿತು. ನಾಲ್ವರಾದರೆ ತಲಾ ಖರ್ಚು ಹೆಚ್ಚಾಗುವುದು ಸ್ವಲ್ಪವೇ. ಆದರೂ ನಾಲ್ವರೇ ಹೊರಟ ರವಿವಾರಗಳು ಬೇಗ ಮುಗಿಯುತ್ತಿದ್ದವು.

ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಒಮ್ಮೆ ಕೊಯಮತ್ತೂರು ಧಾರವಾಡಕ್ಕೆ ಬಂದಿದ್ದ. ಎಲ್ಲಿಗೆ ಕರೆದೊಯ್ಯಲಿ ಎಂದರೆ "ನಿನ್ನ ನೀರು ಹುಟ್ಟುವಲ್ಲಿಗೆ" ಎಂದ. ಬೆಳಗಾವಿಯಿಂದ ಜಾಂಬೋಟಿ ದಾರಿಯ ಬಸ್ಸು ಹಿಡಿದೆವು. ಕಂಡಕ್ಟರ್ ನನ್ನ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದುಕೊಟ್ಟು ಅವನೊಬ್ಬನಿಂದ ದುಡ್ಡು ತೆಗೆದುಕೊಂಡ. ಆ ಟಿಕೆಟ್ಟನ್ನು ಅವನು ಬಹಳ ಹೊತ್ತು ತಿರುಗಿಸಿ ಮುರುಗಿಸಿ ನೋಡಿದ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಮೂಡಣಕ್ಕೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅದೇ ಊರ ಆಸುಪಾಸಿನ ಕಳಸಾ ಹಳ್ಳ ಪಡುವಣಕ್ಕೆ, ಮಹದಾಯಿ ಸೇರಿ ಅರಬ್ಬೀ ಸಮುದ್ರಕ್ಕೆ. ಆ ಹಳ್ಳವನ್ನು ಈ ಹೊಳೆಗೆ ತಿರುಗಿಸಲು ತೋಡಿದ ಕಾಲುವೆಯೂ ಅಲ್ಲೇ ಇದೆ. ನ್ಯಾಯಮಂಡಳಿಯ ತೀರ್ಪು ಬಂದದ್ದು 2018ರಲ್ಲಿ. ಕಾಲುವೆಯ ದಂಡೆಯ ಮೇಲೆ ನಿಂತು ಅವನು ಇಳಿಜಾರು ನೋಡಿದ, ಬಂಡೆ ನೋಡಿದ, ಕಲ್ಲು ಹೆಕ್ಕಿ ನೋಡಿದ. "ಸುಣ್ಣಕಲ್ಲಲ್ಲ" ಎಂದ, "ನೀರು ತಾನಾಗಿ ದಾಟುವುದಿಲ್ಲ." ಈ ಸಲ ನಾನು ವಾದಿಸಲಿಲ್ಲ, ಭೂವಿಜ್ಞಾನದ ಮಟ್ಟಿಗೆ ಅವನು ಸರಿಯಿದ್ದ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾದಂಗಡಿಯ ಹಿರಿಯರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಎಲ್ಲಿಯವರ್ರೀ?" ಎಂದು ಕೇಳಿದರು. ನಾನು ಧಾರವಾಡ, ಇವರು ತಮಿಳುನಾಡು ಎಂದೆ. ಚಹಾ ಸೋಸುತ್ತಿದ್ದವರು ಕೈ ತಡೆದರು.

"ತಮಿಳುನಾಡಿನವ್ರಿಗೂ ಈ ನೀರ ಬೇಕಾತೇನ್ರೀ?"

ಏನಂದರು ಎಂದು ಅವನು ಕೇಳಿದ. ಹೇಳಿದೆ. ಅವನು ಯೋಚಿಸಿ, ನನ್ನಿಂದ ಒಂದೊಂದೇ ಪದ ಕೇಳಿ ಜೋಡಿಸಿಕೊಂಡು, ಅವರ ಕಡೆ ತಿರುಗಿ ಹೇಳಿದ:

"ಬ್ಯಾಡ್ರಿ. ಚಹಾ ಕೊಡ್ರಿ."